ಗುರಾಣಿ ವೀರನ ಎರಡನೇ ಸೀಸನ್: ಅಳು ಬರಬೇಕಿದ್ದ ಕಡೆ ಬರಲಿಲ್ಲ

‘ದಿ ರೈಸಿಂಗ್ ಆಫ್ ದಿ ಶೀಲ್ಡ್ ಹೀರೋ’ ಅನ್ನೋ ಅನಿಮೆಯ (ಜಪಾನಿನ ಅನಿಮೇಷನ್ ಸರಣಿ) ಎರಡನೇ ಸೀಸನ್ 2022ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರಕ್ಕೊಂದು ಕಂತಿನ ಹಾಗೆ ಬಂತು. ಆಗಲೇ ನೋಡಿದ್ದೆ. ತುಂಬಾ ಬೇಜಾರಾಗಿತ್ತು. ಈಗ ಮೂರನೇ ಸೀಸನ್, ನಾಲ್ಕನೇ ಸೀಸನ್ ಎರಡನ್ನೂ ಮುಗಿಸಿ, ಮೊದಲ ಕಂತಿನಿಂದ ಮತ್ತೆ ಎಲ್ಲವನ್ನೂ ನೋಡಿದ್ದೇನೆ. ಆ ಬೇಜಾರು ಹಾಗೇ ಇದೆ. ಆದರೆ ಯಾಕೆ ಅನ್ನುವುದು ಈಗ ಸರಿಯಾಗಿ ಗೊತ್ತಾಗುತ್ತಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಥೆಯ ಮುಖ್ಯ ತಿರುವುಗಳೆಲ್ಲ ಇದರಲ್ಲಿ ಬರುತ್ತವೆ. ಇನ್ನೂ ನೋಡದವರು ನೋಡಿ ಬಂದು ಓದಿದರೆ ಒಳ್ಳೆಯದು.

ಮೊದಲ ಸೀಸನ್ ಬಂದಿದ್ದು 2019ರಲ್ಲಿ, 25 ಕಂತು. ನಾವೊಫುಮಿ ಇವಾತಾನಿ ಅನ್ನೋ ಕಾಲೇಜು ಹುಡುಗ ಲೈಬ್ರರಿಯಲ್ಲಿ ಪುಸ್ತಕ ಓದುತ್ತಾ ಇರುವಾಗಲೇ ಬೇರೆ ಲೋಕಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ನಾಲ್ವರು ವೀರರು. ಕತ್ತಿ, ಈಟಿ, ಬಿಲ್ಲು ಉಳಿದ ಮೂವರಿಗೆ. ಇವನ ಪಾಲಿಗೆ ಬರುವುದು ಗುರಾಣಿ. ಅದರಿಂದ ತಡೆಯಬಹುದು, ಹೊಡೆಯಲು ಆಗುವುದಿಲ್ಲ. ಬಂದ ಎರಡು ದಿನಕ್ಕೇ ಇವನ ಮೇಲೆ ಸುಳ್ಳು ಆರೋಪ ಬರುತ್ತದೆ. ಕೈಯಲ್ಲಿದ್ದ ದುಡ್ಡು, ಹೆಸರು ಎರಡೂ ಹೋಗುತ್ತವೆ. ಅಲ್ಲಿಂದಾಚೆಗೆ ಅವನಿಗೆ ಊಟದ ರುಚಿಯೇ ಗೊತ್ತಾಗುವುದಿಲ್ಲ. ಯಾರನ್ನೂ ನಂಬಲಾಗದೆ ಕೊನೆಗೆ ಗುಲಾಮರ ವ್ಯಾಪಾರಿಯ ಹತ್ತಿರ ರಫ್ತಾಲಿಯಾ ಅನ್ನೋ ಪುಟ್ಟ ಹುಡುಗಿಯನ್ನು ಕೊಂಡುಕೊಳ್ಳುತ್ತಾನೆ. (ಈ ಗುಲಾಮಗಿರಿಯ ವಿಷಯಕ್ಕೂ ಆ ಸುಳ್ಳು ಆರೋಪದ ವಿಷಯಕ್ಕೂ ಆಗ ದೊಡ್ಡ ಜಗಳವೇ ಆಗಿತ್ತು. ಆ ಆಕ್ಷೇಪಗಳಲ್ಲಿ ಹುರುಳಿದೆ. ಕಥೆ ಆ ವಿಷಯವನ್ನು ಬಹಳ ಹಗುರವಾಗಿ ದಾಟಿಬಿಡುತ್ತದೆ ಅಂತ ನನಗೂ ಅನಿಸುತ್ತದೆ.)

ಇಷ್ಟಾದರೂ ಮೊದಲ ಸೀಸನ್ ನನ್ನನ್ನು ಹಿಡಿದು ಕೂರಿಸಿತ್ತು. ಹೋಟೆಲಿನಲ್ಲಿ ಬೇರೆ ಮಗುವಿನ ತಟ್ಟೆಯ ಊಟದ ಮೇಲೆ ಸಿಕ್ಕಿಸಿದ್ದ ಪುಟ್ಟ ಬಾವುಟವನ್ನು ರಫ್ತಾಲಿಯಾ ನೋಡುತ್ತಾ ನಿಲ್ಲುತ್ತಾಳೆ. ನಾವೊಫುಮಿ ಮುಖ ಗಂಟಿಕ್ಕಿಕೊಂಡೇ ಅಂಥದೇ ಊಟ ತರಿಸುತ್ತಾನೆ. ಊಟ ಮುಗಿದರೂ ಅವಳು ಆ ಬಾವುಟವನ್ನು ಬಿಡುವುದಿಲ್ಲ. ಆಮೇಲೆ ಅವಳ ಕೆಮ್ಮಿಗೆ ಔಷಧಿ, ಆಡಲು ಚೆಂಡು, ಹಿಡಿಯಲು ಕತ್ತಿ. ಒಂದೊಂದಕ್ಕೂ ಸಮಯ ಕೊಟ್ಟಿದ್ದಾರೆ. ಅದಕ್ಕೇ ನಾಲ್ಕನೇ ಕಂತಿನಲ್ಲಿ ಅವಳು ಅವನನ್ನು ಅಪ್ಪಿಕೊಂಡು ‘ನಾನಿದ್ದೇನೆ’ ಅನ್ನುವ ಹಾಗೆ ನಿಂತಾಗ, ಅವನಿಗೆ ಮತ್ತೆ ಊಟದ ರುಚಿ ಗೊತ್ತಾದಾಗ, ನಮಗೂ ಗಂಟಲು ಕಟ್ಟುತ್ತದೆ. ಈ ಕಥೆಯ ಬಂಡವಾಳ ಇರುವುದು ನಂಬಿಕೆಯಲ್ಲಿ. ಒಬ್ಬ ಮನುಷ್ಯ ಇನ್ನೊಬ್ಬರನ್ನು ನಿಧಾನಕ್ಕೆ ನಂಬಲು ಕಲಿಯುವುದನ್ನು ನೋಡುವ ಸುಖ ಅದು.

ಎರಡನೇ ಸೀಸನ್‌ನಲ್ಲಿ ಇಲ್ಲದೇ ಹೋಗಿದ್ದು ಅದೇ.

ಒಂದು ಲೆಕ್ಕ ನೋಡಿ. ಮೊದಲ ಸೀಸನ್ 25 ಕಂತಿನಲ್ಲಿ ಮೂಲ ಲೈಟ್ ನಾವೆಲ್‌ನ (ಜಪಾನಿನ ಚಿಕ್ಕ ಜನಪ್ರಿಯ ಕಾದಂಬರಿ) ಸುಮಾರು ಐದು ಸಂಪುಟ ಹೇಳಿತು. ಎರಡನೆಯದು 13 ಕಂತಿನಲ್ಲಿ ಆರರಿಂದ ಒಂಬತ್ತನೇ ಸಂಪುಟದವರೆಗೆ ಓಡಿತು. ಅದೂ ಎಂಥ ಸಂಪುಟಗಳು! ಎರಡು ದೊಡ್ಡ ಕಥೆಗಳು, ಒಂದು ಹೊಸ ಲೋಕ, ಡಜನ್‌ಗಟ್ಟಲೆ ಹೊಸ ಮುಖಗಳು. ಎರಡನೇ, ಮೂರನೇ ಸೀಸನ್‌ಗಳನ್ನು 2019ರಲ್ಲೇ ಒಟ್ಟಿಗೆ ಘೋಷಿಸಿದ್ದರು. 2021ರ ಅಕ್ಟೋಬರ್‌ನಲ್ಲಿ ಬರಬೇಕಿದ್ದ ಎರಡನೇ ಸೀಸನ್ 2022ಕ್ಕೆ ಮುಂದೆ ಹೋಯಿತು. ಅಷ್ಟು ಕಾದವರಿಗೆ ಇಷ್ಟು ಅವಸರದ ಅಡುಗೆ ಬಡಿಸಿದರೆ ಸಿಟ್ಟು ಬರದೆ ಇರುತ್ತದಾ?

ರಿಶಿಯಾಳನ್ನೇ ತೆಗೆದುಕೊಳ್ಳಿ. ಬಿಲ್ಲಿನ ವೀರ ಇತ್ಸುಕಿಯ ಗುಂಪಿನಲ್ಲಿದ್ದವಳು. ಮಾಡದ ತಪ್ಪನ್ನು ಅವಳ ಮೇಲೆ ಹೊರಿಸಿ ಗುಂಪಿನಿಂದ ಹೊರಗೆ ಹಾಕುತ್ತಾರೆ. ನಾವೊಫುಮಿಗೆ ಆದದ್ದೇ ಅವಳಿಗೂ ಆಗಿದೆ. ಇದಕ್ಕಿಂತ ಒಳ್ಳೆ ಸಂದರ್ಭ ಯಾವ ಕಥೆಗಾರನಿಗೆ ಸಿಗುತ್ತದೆ ಹೇಳಿ. ಆದರೆ ಅನಿಮೆಯಲ್ಲಿ ಸೀಸನ್ ಶುರುವಾಗುವ ಹೊತ್ತಿಗೆ ಅವಳು ಆಗಲೇ ನಾವೊಫುಮಿಯ ಗುಂಪಿನಲ್ಲಿ ಇದ್ದಾಳೆ. ಹಿಂದೆ ಏನಾಯಿತು ಅಂತ ಬೇಗ ಬೇಗ ಹೇಳಿ ಮುಗಿಸುತ್ತಾರೆ. ಮೊದಲ ಸಲ ನೋಡುವವರು ‘ಇವಳು ಯಾರಪ್ಪಾ, ಯಾವಾಗ ಬಂದಳು?’ ಅಂದುಕೊಂಡರೆ ಆಶ್ಚರ್ಯವಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಸುಮ್ನೆ ಇರಬಹುದಿತ್ತು. ಮೂರನೇ ಸೀಸನ್‌ನಲ್ಲಿ ಅವಳು ಇತ್ಸುಕಿಯ ಎದುರು ನಿಲ್ಲುವ ಸಂದರ್ಭ ಬರುತ್ತದೆ. ಅದು ಆ ಸೀಸನ್ನಿನ ದೊಡ್ಡ ಘಟ್ಟ. ಆಗ ನಮ್ಮ ಎದೆ ಹೊಡೆದುಕೊಳ್ಳಬೇಕಿತ್ತು. ಅವಳ ನೋವನ್ನು ನಾವು ಕಣ್ಣಾರೆ ನೋಡಿಲ್ಲದ ಕಾರಣ ಅದರ ಪೆಟ್ಟು ಅರ್ಧಕ್ಕರ್ಧ ಕಮ್ಮಿಯಾಗಿಬಿಟ್ಟಿತು. ಎರಡನೇ ಸೀಸನ್ ಮಾಡಿದ ನಷ್ಟ ಎರಡನೇ ಸೀಸನ್‌ಗೇ ನಿಲ್ಲಲಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಅಲ್ಲೇ.

ಇನ್ನು ಆಮೆಯ ಕಥೆ. ಬೆನ್ನ ಮೇಲೆ ಬೆಟ್ಟವನ್ನೂ ಊರನ್ನೂ ಹೊತ್ತ ದೈತ್ಯ ಆಮೆ ಎದ್ದು ನಡೆಯಲು ಶುರು ಮಾಡುತ್ತದೆ. ಹೋದಲ್ಲೆಲ್ಲ ಸಾವು. ಅದರಿಂದ ಹೊರಟ ಬಾವಲಿಯಂಥ ಜೀವಿಗಳು ಹಳ್ಳಿಗಳ ಮೇಲೆ ಬೀಳುತ್ತವೆ. ಅದೇ ಆಮೆಯ ಒಂದು ಅಂಶವಾದ ಓಸ್ಟ್ ಹೆಣ್ಣಿನ ರೂಪದಲ್ಲಿ ಬಂದು ನಾವೊಫುಮಿಗೆ ಕೈಮುಗಿಯುತ್ತಾಳೆ. ಆಮೆಯನ್ನು ಕೊಲ್ಲಿ ಅನ್ನುತ್ತಾಳೆ. ಆಮೆ ಸತ್ತರೆ ತಾನೂ ಇರುವುದಿಲ್ಲ ಅಂತ ಅವಳಿಗೆ ಗೊತ್ತು. ಜನರ ಪ್ರಾಣ ತೆಗೆದು ಲೋಕವನ್ನು ಕಾಯುವುದೇ ಆ ಆಮೆಯ ಕೆಲಸವಾಗಿತ್ತು ಅನ್ನೋದೂ ಗೊತ್ತು. ಯೋಚಿಸಿ ನೋಡಿ, ಎಂಥ ಪಾತ್ರ! ಜೊತೆಗಿರುವ ಒಬ್ಬಳನ್ನು ಉಳಿಸುವುದಕ್ಕಾಗದೆ, ಅವಳು ಕೇಳಿದ್ದಕ್ಕೇ ಅವಳನ್ನು ಕಳೆದುಕೊಳ್ಳಬೇಕಾದ ಗುರಾಣಿ ವೀರ. ಕಾಯುವುದಷ್ಟೇ ಗೊತ್ತಿರುವವನ ಕೈಯಲ್ಲಿ ಈ ಕೆಲಸ.

ಆದರೆ ಓಸ್ಟ್ ಜೊತೆ ನಾವು ಕಳೆಯುವುದು ಬೆರಳೆಣಿಕೆಯ ಕಂತುಗಳು. ಅದರಲ್ಲೂ ಬಹುಪಾಲು ನಡೆಯುವುದು, ಓಡುವುದು, ಮುಂದೇನು ಮಾಡಬೇಕು ಅಂತ ವಿವರಿಸುವುದು. ಅವಳಿಗೆ ಏನು ಇಷ್ಟ, ಯಾವುದಕ್ಕೆ ನಗುತ್ತಾಳೆ, ನಾವೊಫುಮಿಯ ಗುಂಪಿನ ಫೀಲೋ ಜೊತೆ ಒಂದು ತುತ್ತು ಊಟ ಮಾಡಿದಳಾ, ಒಂದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಸೀಸನ್ ಅರ್ಧ ಮುಗಿಯುವ ಹೊತ್ತಿಗೆ ಅವಳು ಹೋಗುತ್ತಾಳೆ. ಪರದೆಯ ಮೇಲೆ ಎಲ್ಲರ ಕಣ್ಣಲ್ಲೂ ನೀರು. ಸಂಗೀತವೂ ಅಳುತ್ತದೆ. ನನಗೆ ಅಳು ಬರಲಿಲ್ಲ. ಮೊನ್ನೆ ಮತ್ತೆ ನೋಡಿದಾಗಲೂ ಬರಲಿಲ್ಲ. ಬರಬೇಕು ಅಂತ ನಿಜವಾಗಿ ಆಸೆಯಿತ್ತು. ಒಂದು ಬಾವುಟಕ್ಕೆ ಕೊಟ್ಟಷ್ಟು ಸಮಯವನ್ನು ಇವಳಿಗೂ ಕೊಟ್ಟಿದ್ದರೆ ಸಾಕಿತ್ತು.

ಆಮೆಯನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಮಾಡಿದ್ದಾರೆ. ಅದು ದೊಡ್ಡದು ಅಂತ ಪಾತ್ರಗಳು ಹೇಳುತ್ತವೆ, ನೋಡುವವರಿಗೆ ಆ ಗಾತ್ರದ ಭಯ ಹುಟ್ಟುವುದಿಲ್ಲ. ಕಾಲಿನ ಕೆಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ ತೋರಿಸುವಂಥ ಚಿತ್ರಗಳು ಇನ್ನಷ್ಟು ಬೇಕಿತ್ತು. ನಿರ್ದೇಶಕರೂ ಬದಲಾಗಿದ್ದರು. ಮೊದಲ ಸೀಸನ್ ತಕಾವೊ ಅಬೊ, ಎರಡನೆಯದು ಮಸಾತೊ ಜಿನ್ಬೊ. ಸ್ಟುಡಿಯೋ ಕಿನೆಮಾ ಸಿಟ್ರಸ್ ಜೊತೆಗೆ ಈ ಸಲ ಡಿಆರ್ ಮೂವಿ ಕೂಡ ಇತ್ತು. ಇದರಲ್ಲಿ ಯಾರ ಪಾಲು ಎಷ್ಟು ಅಂತ ಹುಡುಕುವುದು ನನ್ನ ಕೆಲಸವಲ್ಲ. ಚಿತ್ರ ಒಂಚೂರು ಸಪ್ಪೆಯಾದರೂ ಸಹಿಸುತ್ತಿದ್ದೆ, ಮನಸ್ಸು ಮುಟ್ಟಿದ್ದರೆ.

ಎರಡನೇ ಅರ್ಧದಲ್ಲಿ ಕ್ಯೋ ಅನ್ನೋ ಖಳನನ್ನು ಬೆನ್ನಟ್ಟಿ ಇನ್ನೊಂದು ಲೋಕಕ್ಕೆ ಹೋಗುತ್ತಾರೆ. ಬೇರೆ ಲೋಕಕ್ಕೆ ಬಂದವನು ಅಲ್ಲಿಂದ ಮತ್ತೊಂದು ಲೋಕಕ್ಕೆ! ಇಲ್ಲಿ ಒಂದು ಕಂತು ನನಗೆ ನಿಜಕ್ಕೂ ಇಷ್ಟವಾಯಿತು. ಹೊರಗೆ ಬರಲಾಗದ ಜಟಿಲ ಬಂದೀಖಾನೆಯೊಂದರಲ್ಲಿ ನಾವೊಫುಮಿ ಸಿಕ್ಕಿಬೀಳುತ್ತಾನೆ. ಅಲ್ಲೇ ವರ್ಷಗಳಿಂದ ಮೀನು ಹಿಡಿದುಕೊಂಡು ಬದುಕುತ್ತಿರುವ ಕಿಜುನಾ ಸಿಗುತ್ತಾಳೆ. ಅವಳೂ ಬೇರೆ ಲೋಕದಿಂದ ಬಂದ ವೀರಳೇ. ಅವಳ ಆಯುಧದಿಂದ ಮನುಷ್ಯರಿಗೆ ಏಟು ಕೊಡಲಾಗುವುದಿಲ್ಲ. ಕಷ್ಟದಲ್ಲೂ ನಗುವ ಅವಳ ಪಕ್ಕ ನಾವೊಫುಮಿಯ ಸಿಡುಕು ಮುಖ ಚೆನ್ನಾಗಿ ಒಪ್ಪುತ್ತದೆ. ಮೊದಲ ಸೀಸನ್‌ನಲ್ಲಿ ಹಳ್ಳಿಯೊಂದನ್ನು ನುಂಗಿದ್ದ ಬಯೋಪ್ಲಾಂಟ್ ಗಿಡ ನೆನಪಿದೆಯಲ್ವಾ? ಅದನ್ನೇ ಬಂದೀಖಾನೆಯ ತುಂಬ ಬೆಳೆಸಿ, ಜಾಗವೇ ಸಾಲದ ಹಾಗೆ ಮಾಡಿ ಹೊರಗೆ ಬರುತ್ತಾರೆ. ಬಲದಿಂದ ಗೆಲ್ಲಲಾಗದವನು ತಲೆ ಓಡಿಸಿ ಗೆಲ್ಲುವುದು. ಇದೇ ಹಳೇ ನಾವೊಫುಮಿ.

ಅದಾದ ಮೇಲೆ ಮತ್ತೆ ಓಟ. ಹೊಸ ಲೋಕದಲ್ಲಿ ಅವನ ಲೆವೆಲ್ (ವಿಡಿಯೋ ಗೇಮಿನ ಹಾಗೆ ಶಕ್ತಿಯ ಮಟ್ಟ) ಒಂದಕ್ಕೆ ಇಳಿದಿರುತ್ತದೆ. ಎಲ್ಲವನ್ನೂ ಮತ್ತೆ ಶುರು ಮಾಡುವ ಕಷ್ಟ ತೋರಿಸಲು ಚಿನ್ನದಂಥ ಅವಕಾಶ. ನೋಡನೋಡುತ್ತಲೇ ಅದು ಕೈಬಿಟ್ಟು ಹೋಗುತ್ತದೆ. ರಫ್ತಾಲಿಯಾ ಒಂದಷ್ಟು ಕಂತು ಜೊತೆಗೇ ಇರುವುದಿಲ್ಲ. ಆ ಹೊತ್ತಿನಲ್ಲೇ ಕತಾನಾ ಕತ್ತಿಯೊಂದು ತಾನಾಗಿ ಅವಳನ್ನು ಆರಿಸಿಕೊಳ್ಳುತ್ತದೆ. ಗುಲಾಮಳಾಗಿ ಬಂದ ಹುಡುಗಿ ತನ್ನದೇ ಹಕ್ಕಿನಿಂದ ಆಯುಧದ ಒಡತಿಯಾಗುತ್ತಾಳೆ. ಇಡೀ ಸರಣಿಯಲ್ಲೇ ಅವಳ ಪಾಲಿಗೆ ಇದಕ್ಕಿಂತ ದೊಡ್ಡ ಗಳಿಗೆ ಕಡಿಮೆ. ಆ ಗಳಿಗೆಯ ಮೇಲೆ ಕ್ಯಾಮೆರಾ ಇನ್ನೂ ಸ್ವಲ್ಪ ಹೊತ್ತು ನಿಲ್ಲಬಾರದಿತ್ತಾ? ಗ್ಲಾಸ್, ಲಾರ್ಕ್, ತೆರೀಸ್ ಮೂವರೂ ಮೊದಲು ಶತ್ರುಗಳು. ತಮ್ಮ ಲೋಕ ಉಳಿಯಲಿ ಅಂತ ಈ ಲೋಕದ ವೀರರನ್ನು ಕೊಲ್ಲಲು ಬಂದವರು. ಅಂಥವರು ನಾವೊಫುಮಿ ಜೊತೆ ನಿಲ್ಲುತ್ತಾರೆ ಅಂದರೆ ಎಷ್ಟು ಮಾತು, ಎಷ್ಟು ಅನುಮಾನ ಇರಬೇಕು! ಕ್ಯೋ ಎಷ್ಟು ಕೆಟ್ಟವನು ಅಂದರೆ ಅವನ ಮುಂದೆ ಉಳಿದವರೆಲ್ಲ ತಾವಾಗೇ ಒಳ್ಳೆಯವರಾಗಿಬಿಡುತ್ತಾರೆ. ಅನುಮಾನಕ್ಕೆ ಜಾಗವೇ ಇಲ್ಲ.

ಸಂಗೀತದ ಬಗ್ಗೆ ಮಾತ್ರ ಒಂದೂ ದೂರಿಲ್ಲ. ಕೆವಿನ್ ಪೆಂಕಿನ್ ಈ ಸಲವೂ ಮನಸ್ಸಿಟ್ಟು ಕೆಲಸ ಮಾಡಿದ್ದಾರೆ. ಆರಂಭಕ್ಕೆ ಮ್ಯಾಡ್‌ಕಿಡ್ ತಂಡದ ಹಾಡು, ಕೊನೆಗೆ ಗಾಯಕಿ ಚಿಯಾಯ್ ಫುಜಿಕಾವಾ ಹಾಡು, ಮೊದಲ ಸೀಸನ್ನಿನ ಹಾಗೆಯೇ. ನಾವೊಫುಮಿಗೆ ದನಿ ಕೊಟ್ಟ ಕೈಟೊ ಇಶಿಕಾವಾ, ರಫ್ತಾಲಿಯಾಗೆ ದನಿಯಾದ ಅಸಾಮಿ ಸೆತೊ ಇಬ್ಬರೂ ಬರವಣಿಗೆ ಕೊಡದ ಭಾವವನ್ನು ದನಿಯಿಂದ ತುಂಬಲು ನೋಡಿದ್ದಾರೆ.

ಹೊಸದಾಗಿ ನೋಡುವವರಿಗೆ ನಾನು ಹೇಳುವುದು ಇಷ್ಟು. ಮೊದಲ ಸೀಸನ್ ಪೂರ್ತಿ ನೋಡಿ. ಎರಡನೆಯದನ್ನು ಬಿಟ್ಟು ಮೂರಕ್ಕೆ ಹಾರಬೇಡಿ, ರಿಶಿಯಾ ಯಾರು, ರಫ್ತಾಲಿಯಾ ಕೈಗೆ ಕತಾನಾ ಎಲ್ಲಿಂದ ಬಂತು ಅಂತ ತಿಳಿಯದೆ ಒದ್ದಾಡುತ್ತೀರಿ. ಮೂರನೇ ಸೀಸನ್‌ನಲ್ಲಿ ರಫ್ತಾಲಿಯಾಳ ಹಳ್ಳಿ ಮತ್ತೆ ಕಟ್ಟುವ ಕಥೆ ಬರುತ್ತದೆ, ಅಲ್ಲಿ ಹಳೇ ಬಿಸಿ ಸ್ವಲ್ಪ ವಾಪಸ್ ಬಂದಿದೆ. 2025ರಲ್ಲಿ ಬಂದ ನಾಲ್ಕನೆಯದೂ ನನಗೆ ಎರಡನೆಯದಕ್ಕಿಂತ ಮೇಲು. ಎರಡನೇ ಸೀಸನ್‌ಗೆ ನಾನು ಐದಕ್ಕೆ ಎರಡು ಕೊಡುತ್ತೇನೆ. ಓಸ್ಟ್ ನಿಜಕ್ಕೂ ಹೇಗಿದ್ದಳು ಅಂತ ತಿಳಿಯುವ ಆಸೆ ಇದ್ದರೆ ಅನೆಕೊ ಯುಸಾಗಿಯವರ ಲೈಟ್ ನಾವೆಲ್ ಇಂಗ್ಲಿಷ್‌ನಲ್ಲಿ ಸಿಗುತ್ತದೆ. ಆರನೇ ಸಂಪುಟದಿಂದ ಶುರು ಮಾಡಿ, ಅನಿಮೆ ಎಲ್ಲೆಲ್ಲಿ ಹಾರಿದೆ ಅಂತ ಅಲ್ಲೇ ಗೊತ್ತಾಗುತ್ತದೆ.