ಲೀಕ್ ಆದ ವಿಡಿಯೋ ತೆಗೆಸುವ ಸೇವೆ: 20 ತಿಂಗಳು ಬಳಸಿದ ಮೇಲೆ

ನಾನು ಹಾಸನದವಳು. ಬಾಣಂತನ ಮುಗಿಸಿದ ಹೆಂಗಸರಿಗೆ ಆನ್‌ಲೈನ್‌ನಲ್ಲಿ ಯೋಗ, ವ್ಯಾಯಾಮ ಹೇಳಿಕೊಡುತ್ತೇನೆ. ತಿಂಗಳಿಗೆ 399 ರೂಪಾಯಿ ಚಂದಾ, ಹೆಂಗಸರಿಗೆ ಮಾತ್ರ. ಬೆಳಗ್ಗೆ ಐದೂವರೆಗೆ ಲೈವ್ ಕ್ಲಾಸ್, ಉಳಿದದ್ದು ರೆಕಾರ್ಡ್ ಮಾಡಿದ ವಿಡಿಯೋ. ಸೊಂಟ ನೋವು, ಸಡಿಲವಾದ ಹೊಟ್ಟೆ, ಸಿಸೇರಿಯನ್ ಗಾಯ ಮಾಗಿದ ಮೇಲೆ ಏನು ಮಾಡಬಹುದು, ಇಂಥವು. ನಾಲ್ಕು ಜನರ ಮುಂದೆ ಕೇಳೋಕೆ ಸಂಕೋಚ ಆಗುವ ವಿಷಯ. ಅದಕ್ಕೇ ದುಡ್ಡು ಕೊಟ್ಟು, ಬಾಗಿಲು ಹಾಕಿಕೊಂಡು ನೋಡುತ್ತಾರೆ.

ಎರಡು ವರ್ಷದ ಹಿಂದೆ ಹಾಸನಾಂಬ ದರ್ಶನದ ಸಾಲಿನಲ್ಲಿ ನಿಂತಿದ್ದಾಗ ಹೊಳೆನರಸೀಪುರದಿಂದ ಅತ್ತಿಗೆ ಫೋನ್ ಮಾಡಿದರು. "ನೋಡಮ್ಮಾ, ನಿನ್ನ ವಿಡಿಯೋ ಯಾವುದೋ ಚಾನೆಲ್‌ನಲ್ಲಿ ಓಡಾಡ್ತಿದೆಯಂತೆ, ನಮ್ಮ ಹುಡುಗ ಹೇಳ್ದ." ಸಾಲು ಬಿಟ್ಟು ಪಕ್ಕಕ್ಕೆ ಬಂದು ಲಿಂಕ್ ತೆರೆದೆ. ನನ್ನ 11 ವಿಡಿಯೋ ಇದ್ದವು. ಒಂದೊಂದಕ್ಕೂ ಬಾಯಲ್ಲಿ ಹೇಳಲಾಗದ ಹೆಸರು ಇಟ್ಟಿದ್ದರು. ಆ ವರ್ಷ ದರ್ಶನ ಮಾಡದೇ ಮನೆಗೆ ಬಂದೆ.

ಮೊದಲು ನಾನೇ ನೋಟಿಸ್ ಕಳಿಸಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಹೀಗೇ ಮಾಡುತ್ತಾರೆ. ಹೊರದೇಶದ ಎಷ್ಟೋ ಸೈಟುಗಳು ಅಮೆರಿಕದ 1998ರ ಡಿಎಂಸಿಎ ಕಾನೂನಿನ ಪ್ರಕಾರ ಕಾಪಿರೈಟ್ ದೂರು ತಗೊಳ್ಳುತ್ತವೆ. ಅದರಲ್ಲಿ ವಿಳಾಸ, ಫೋನ್ ನಂಬರ್, ಸಹಿ ಎಲ್ಲ ಇರಬೇಕು. ನಾನು ಮನೆ ವಿಳಾಸವನ್ನೇ ಕೊಟ್ಟೆ. ಆ ನೋಟಿಸ್‌ನ ಪ್ರತಿ ವಿಡಿಯೋ ಹಾಕಿದವನ ಕೈಗೂ ಹೋಗಬಹುದು ಅಂತ ಗೊತ್ತಿರಲಿಲ್ಲ. ಮೂರನೇ ದಿನ ರಾತ್ರಿ ಗುರುತಿಲ್ಲದ ನಂಬರ್‌ನಿಂದ ಮೆಸೇಜ್ ಬಂತು. ನಮ್ಮ ಬಡಾವಣೆ, ಅಡ್ಡರಸ್ತೆ, ಮನೆ ನಂಬರ್. ಅಷ್ಟೇ, ಬೇರೆ ಒಂದಕ್ಷರ ಇಲ್ಲ. ನಮ್ಮವರು ಊರಲ್ಲಿರಲಿಲ್ಲ. ನಾನೂ ಅತ್ತೆಯೂ ಮಗುವನ್ನು ನಡುವೆ ಹಾಕಿಕೊಂಡು ಹಾಲ್‌ನಲ್ಲೇ ಮಲಗಿದೆವು. ಅತ್ತೆ ದೀಪ ಆರಿಸಲು ಬಿಡಲಿಲ್ಲ.

ಇದಾದ ಮೇಲೆ ಈ ಸೇವೆಗೆ ಸೇರಿದ್ದು. ಹೆಸರು ಬರೆಯುವುದಿಲ್ಲ, ಕದಿಯುವವರೂ ವಿಮರ್ಶೆ ಓದುತ್ತಾರೆ. ತಿಂಗಳಿಗೆ 2,400 ರೂಪಾಯಿ. ಅಂದರೆ ಆರು ಜನರ ಚಂದಾ ಅಲ್ಲಿಗೇ ಹೋಯಿತು.

ನನ್ನ ಪಾಲಿಗೆ ಅಷ್ಟೂ ದುಡ್ಡು ವಸೂಲಾಗುವುದು ಒಂದೇ ಕಾರಣಕ್ಕೆ. ನೋಟಿಸ್ ಅವರ ಹೆಸರಿನಲ್ಲಿ, ಅವರ ಆಫೀಸ್ ವಿಳಾಸದಿಂದ ಹೋಗುತ್ತದೆ. ಮಾಲೀಕರ ಪರವಾಗಿ ಏಜೆಂಟ್ ದೂರು ಕೊಡಲು ಆ ಕಾನೂನಿನಲ್ಲೇ ಅವಕಾಶ ಇದೆ. ನಾವು ಒಂದು ಅಧಿಕಾರ ಪತ್ರಕ್ಕೆ ಸಹಿ ಹಾಕಿಕೊಟ್ಟರೆ ಸಾಕು. ಗೂಗಲ್‌ಗೆ ಹೋಗುವ ಕಾಪಿರೈಟ್ ದೂರುಗಳು ಲುಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೂ ಸೇರುತ್ತವೆ. ಅಲ್ಲೂ ದೂರು ಕಳಿಸಿದವರು ಅಂತ ಕಾಣುವುದು ಅವರ ಹೆಸರೇ. ಚಂದಾ ಪುಟದಲ್ಲಿ ನಾನು ನಿಜವಾದ ಹೆಸರು ಬಳಸುವುದಿಲ್ಲವಾದ್ದರಿಂದ ನನಗಿದು ತುಂಬಾ ದೊಡ್ಡದು. ಇಪ್ಪತ್ತು ತಿಂಗಳಲ್ಲಿ ಅಂಥ ಮೆಸೇಜ್ ಮತ್ತೆ ಬಂದಿಲ್ಲ.

ಹುಡುಕುವ ಕೆಲಸವೂ ಚೆನ್ನಾಗಿದೆ. ಪ್ರತಿ ವಿಡಿಯೋಗೆ ಬೆರಳಚ್ಚಿನ ಹಾಗೆ ಒಂದು ಗುರುತು ತಯಾರಿಸಿ ಇಟ್ಟುಕೊಳ್ಳುತ್ತಾರೆ. ಕತ್ತರಿಸಿ, ಹೆಸರು ಬದಲಾಯಿಸಿ ಹಾಕಿದರೂ ಬಹುಪಾಲು ಸಿಗುತ್ತದೆ. ಸೇರುವಾಗ ನನ್ನ ಮೂಲ ವಿಡಿಯೋಗಳು ಅವರ ಹತ್ತಿರ ಎಷ್ಟು ದಿನ ಇರುತ್ತವೆ ಅಂತ ಕೇಳಿದೆ. ಗುರುತು ಸಿದ್ಧವಾದ ಮೇಲೆ ಅಳಿಸುತ್ತೇವೆ ಎಂದರು. ಅದನ್ನು ಇಮೇಲ್‌ನಲ್ಲಿ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ.

ಇದುವರೆಗೆ 412 ಲಿಂಕ್ ಹಿಡಿದಿದ್ದಾರೆ, 357 ತೆಗೆಸಿದ್ದೇವೆ ಎನ್ನುತ್ತದೆ ವರದಿ. ಇಲ್ಲಿ ನನ್ನ ತಕರಾರಿದೆ. ಗೂಗಲ್ ಹುಡುಕಾಟದಿಂದ ಮರೆಯಾದದ್ದನ್ನೂ "ತೆಗೆಸಿದ್ದು" ಅಂತಲೇ ಲೆಕ್ಕ ಹಾಕುತ್ತಾರೆ. ವಿಡಿಯೋ ಆ ಸೈಟಿನಲ್ಲಿ ಹಾಗೇ ಇರುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ ಅಷ್ಟೇ. ಉಪಯೋಗ ಇದೆ, ಆದರೆ ಎರಡೂ ಒಂದೇ ಅಲ್ಲ. ಮೂರು ಸಲ ಬರೆದು ಹೇಳಿದ್ದೇನೆ, ವರದಿ ಬದಲಾಗಿಲ್ಲ.

ಇನ್ನು ಮುಚ್ಚಿದ ಗ್ರೂಪ್‌ಗಳು. ಅದರೊಳಗೆ ಇವರ ಕೈ ಹೋಗುವುದಿಲ್ಲ. ಯಾರಾದರೂ ಒಳಗಿದ್ದವರು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಒಮ್ಮೆ ಒಬ್ಬ "ಇದು ನನ್ನದೇ ವಿಡಿಯೋ" ಅಂತ ನಮ್ಮ ನೋಟಿಸ್‌ಗೆ ಎದುರಾಗಿ ಸೈಟಿಗೆ ತಾನೂ ಒಂದು ನೋಟಿಸ್ ಕೊಟ್ಟ. ಹಾಗಾದಾಗ ನಾವು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಸೈಟ್ ಅದನ್ನು ಮತ್ತೆ ಹಾಕುತ್ತದೆ. ಹಾಕಿತು. ಕೋರ್ಟು ನಮ್ಮ ಕೆಲಸವಲ್ಲ ಎಂದು ಸೇವೆಯವರು ಕೈ ತೊಳೆದುಕೊಂಡರು.

ಕಳೆದ ವರ್ಷ ನನ್ನ ಮುಖವನ್ನು ಬೇರೆಯವರ ಮೈಗೆ ಅಂಟಿಸಿದ ಒಂದು ಫೋಟೋ ಬಂತು. ಸೇವೆಯವರು, "ಇದು ನೀವು ತೆಗೆದ ಫೋಟೋ ಅಲ್ಲ, ಕಾಪಿರೈಟ್ ನೋಟಿಸ್ ಆಗಲ್ಲ ಮೇಡಂ" ಎಂದರು. ಕೋಪ ಬಂತು, ಆದರೆ ಅವರು ಹೇಳಿದ್ದು ಸರಿ. ಅದಕ್ಕೆ ದಾರಿ ಬೇರೆ. 2021ರ ಐಟಿ ನಿಯಮಗಳಲ್ಲಿ ತಿರುಚಿದ ಚಿತ್ರಗಳ ಬಗ್ಗೆಯೇ ಹೇಳಿದೆ. ನಾನು ದೂರು ಕೊಟ್ಟಾಗ ಅದನ್ನು ತೆಗೆಯಲು ಇದ್ದ ಗಡುವು 24 ಗಂಟೆ. ಆ್ಯಪ್‌ನ ದೂರು ಅಧಿಕಾರಿಗೆ ಬರೆದೆ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದಾಖಲಿಸಿದೆ, ಸ್ಕ್ರೀನ್‌ಶಾಟ್, ಲಿಂಕ್, ತಾರೀಕು ಎಲ್ಲ ಪ್ರಿಂಟ್ ಹಾಕಿಸಿಕೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ಇಲ್ಲಿನ ಸಿಇಎನ್ ಪೊಲೀಸ್ ಠಾಣೆಗೆ ಹೋದೆ. ಸ್ಟಾಪ್‌ಎನ್‌ಸಿಐಐ ಅಂತ ಒಂದು ಉಚಿತ ಸೌಲಭ್ಯ ಇದೆ, 2021ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಖಾಸಗಿ ಫೋಟೋ ನಮ್ಮ ಫೋನಿನಲ್ಲೇ ಇರುತ್ತದೆ, ಅದರ ಗುರುತು ಮಾತ್ರ ಅವರಿಗೆ ಹೋಗುತ್ತದೆ. ಅದರ ಜೊತೆ ಸೇರಿರುವ ಕಂಪನಿಗಳು ಆ ಗುರುತು ಇಟ್ಟುಕೊಂಡು ತಡೆಯುತ್ತವೆ. 18 ದಾಟಿದವರಿಗೆ. ಇದ್ಯಾವುದನ್ನೂ ಸೇವೆಯವರು ತಾವಾಗಿ ಹೇಳಲಿಲ್ಲ, ಹೇಳಬೇಕಿತ್ತು.

ಲೀಕ್ ಎಲ್ಲಿಂದ ಆಯಿತು ಅನ್ನುವುದು ಗೊತ್ತಾದದ್ದು ವಾಟರ್‌ಮಾರ್ಕ್‌ನಿಂದ. ಸೇವೆಗೆ ಸೇರಿದ ಮೇಲೆ ಪ್ರತಿ ಚಂದಾದಾರರ ಫೋನ್ ನಂಬರ್‌ನ ಕೊನೆಯ ನಾಲ್ಕು ಅಂಕಿ ಅವರು ನೋಡುವ ವಿಡಿಯೋ ಮೇಲೆ ಮೆಲ್ಲಗೆ ಓಡಾಡುವ ಹಾಗೆ ಮಾಡಿಸಿದೆ. ನಮ್ಮ ಆ್ಯಪ್‌ನಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿದರೆ ಕಪ್ಪು ಪರದೆ ಬರುತ್ತದೆ. ಆದರೆ ಇನ್ನೊಂದು ಫೋನ್ ಹಿಡಿದು ಶೂಟ್ ಮಾಡಿದರೆ ಯಾವ ಬೀಗವೂ ನಿಲ್ಲುವುದಿಲ್ಲ. ಆಮೇಲೆ ಲೀಕ್ ಆದದ್ದು ಹಾಗೇ. ಗಾಜಿನ ಮೇಲೆ ಫ್ಯಾನ್ ತಿರುಗುವ ನೆರಳು, ನಡುವೆ ಕುಕ್ಕರ್ ಎರಡು ವಿಷಲ್ ಹಾಕುತ್ತದೆ, ನನ್ನ ಯೋಗದ ಚಾಪೆಯ ಮೂಲೆಯಲ್ಲಿ ನಾಲ್ಕು ಅಂಕಿ. ಆ ಚಂದಾದಾರಳಿಗೆ ಫೋನ್ ಮಾಡಿದೆ. "ಅಕ್ಕಾ, ತಂಗಿಗೆ ಪಾಸ್‌ವರ್ಡ್ ಕೊಟ್ಟಿದ್ದೆ, ಬಾಣಂತಿ ಅಲ್ವಾ ಅಂತ" ಎಂದು ಅಳೋಕೆ ಶುರು ಮಾಡಿದಳು. ತಂಗಿಯ ಮನೆಯಲ್ಲಿ ಯಾರು ಶೂಟ್ ಮಾಡಿದರು ಅಂತ ಅವಳೂ ಕೇಳಿರಲಿಲ್ಲ. ಅವಳ ಖಾತೆ ಮುಚ್ಚಿದೆ. ಬೈಯಲು ಮನಸ್ಸಾಗಲಿಲ್ಲ.

ಉಳಿದದ್ದನ್ನು ನಾನೇ ಸರಿ ಮಾಡಿಕೊಂಡೆ. ಮೊದಲು ಚಂದಾ ನನ್ನ ಸ್ವಂತ ಯುಪಿಐಗೆ ಬರುತ್ತಿತ್ತು. ಐಡಿಯಲ್ಲೇ ಫೋನ್ ನಂಬರ್, ಕಳಿಸುವವರಿಗೆ ಬ್ಯಾಂಕಿನಲ್ಲಿರುವ ಹೆಸರೂ ಕಾಣುತ್ತಿತ್ತು. ಈಗ ಕ್ಲಾಸ್ ಹೆಸರಿನಲ್ಲಿ ಬೇರೆ ಖಾತೆ. ಫೋಟೋ ಹಾಕುವ ಮುಂಚೆ ಲೊಕೇಶನ್ ಅಳಿಸುತ್ತೇನೆ. ಹಿಂದಿನ ಕಿಟಕಿಯಲ್ಲಿ ನೀರಿನ ಟ್ಯಾಂಕ್ ಕಾಣುತ್ತಿತ್ತು, ಹಾಸನದವರು ನೋಡಿದರೆ ಯಾವ ಏರಿಯಾ ಅಂತ ತಕ್ಷಣ ಹೇಳಿಬಿಡುತ್ತಾರೆ. ದಪ್ಪ ಪರದೆ ಹಾಕಿಸಿದೆ. ಲೈವ್ ಕ್ಲಾಸನ್ನು ರೆಕಾರ್ಡ್ ಮಾಡುವುದನ್ನೇ ನಿಲ್ಲಿಸಿದೆ, ಅದರಲ್ಲಿ ಬೇರೆ ಹೆಂಗಸರ ಮುಖವೂ ಇರುತ್ತದಲ್ಲ.

ವಿಡಿಯೋಗಳು ಹತ್ತಿಪ್ಪತ್ತು ಇದ್ದು, ನಿಮ್ಮ ಹೆಸರು ವಿಳಾಸ ಜನರಿಗೆ ಗೊತ್ತಿರುವುದೇ ಆದರೆ ಈ ಸೇವೆ ಬೇಡ, ನೀವೇ ದೂರು ಕೊಡಬಹುದು. ವಿಳಾಸ ಮುಚ್ಚಿಡಬೇಕಾದವರು ಮೊದಲ ನೋಟಿಸ್ ಕಳಿಸುವ ಮುಂಚೆಯೇ ಸೇರಿ. ವರ್ಷದ ಪ್ಲಾನ್ ತಗೊಂಡರೆ ಎರಡು ತಿಂಗಳು ಉಚಿತ ಎಂದು ಪ್ರತಿ ಸಲ ಹೇಳುತ್ತಾರೆ. ವರದಿಯ ಲೆಕ್ಕ ಸರಿ ಮಾಡುವವರೆಗೆ ನಾನು ತಿಂಗಳು ತಿಂಗಳೇ ಕಟ್ಟುತ್ತೇನೆ. ಐದಕ್ಕೆ ಮೂರೂವರೆ ಸ್ಟಾರ್.