ಅಜ್ಜಿಯ ಟಿವಿಗೆ ಯಾವುದು ಒಗ್ಗಿತು? ಮೂರು ದಾರಿ ನೋಡಿದೆ

ಅಜ್ಜಿಗೆ 80 ತುಂಬಿದ ದಿನ ನನ್ನ ಫೋನಲ್ಲೇ ವಿಡಿಯೊ ತೆಗೆದೆ. ಪೆನ್‌ಡ್ರೈವ್‌ಗೆ ಹಾಕಿ ಅವರ ಹಳೇ ಟಿವಿಗೆ ಸಿಕ್ಕಿಸಿದರೆ ಬರೀ ಕಪ್ಪು ಪರದೆ. "ಮಾತು ಕೇಳ್ತಿದೆ, ಮುಖ ಎಲ್ಲಿ?" ಅಂದರು ಅಜ್ಜಿ. ಅಣ್ಣನ ಲ್ಯಾಪ್‌ಟಾಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋಡೆಕ್‌ಗೆ (ವಿಡಿಯೊವನ್ನು ಕುಗ್ಗಿಸಿ ಇಡುವ, ಮತ್ತೆ ಬಿಡಿಸುವ ವಿಧಾನ) ದುಡ್ಡು ಕೊಡಿ ಅಂತು. ತುಂಬಾ ಸಿಟ್ಟು ಬಂತು.

ಫೈಲ್ ಹೆಸರಿನ ಕೊನೆಯಲ್ಲಿದ್ದ ಎಂಒವಿಯನ್ನು ಎಂಪಿ4 ಅಂತ ಬದಲಿಸಿದೆ. ಏನೂ ಆಗಲಿಲ್ಲ. ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಡಬ್ಬಿಗಳು ಅಷ್ಟೇ. ಒಳಗಿನ ಚಿತ್ರ ಯಾವ ಕೋಡೆಕ್‌ನಲ್ಲಿದೆ ಅನ್ನೋದೇ ಮುಖ್ಯ. ನನ್ನ ಫೋನ್ ಬಳಸಿದ್ದು 2013ರಲ್ಲಿ ಬಂದ ಎಚ್.265. ಹಳೇ ಟಿವಿಗೆ ಗೊತ್ತಿದ್ದದ್ದು 2003ರ ಎಚ್.264.

ಮೊದಲು ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರ್. ಪುಕ್ಕಟೆ ಸಿಗುತ್ತದೆ, ಕೋಡೆಕ್‌ಗಳನ್ನು ತನ್ನ ಜೊತೆಗೇ ತರುತ್ತದೆ. ಅಣ್ಣನ ಲ್ಯಾಪ್‌ಟಾಪಲ್ಲಿ ತಕ್ಷಣ ಚಿತ್ರ ಬಂತು. ಆದರೆ 4ಕೆ ವಿಡಿಯೊ ತಡವರಿಸಿತು, ಫ್ಯಾನ್ ಜೋರಾಗಿ ಕೂಗಿತು. ಆ ಹಳೇ ಚಿಪ್‌ನಲ್ಲಿ ಎಚ್.265 ಬಿಡಿಸುವ ಹಾರ್ಡ್‌ವೇರ್ ಇಲ್ಲ, ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಟಿವಿಗಂತೂ ಇದು ದಾರಿಯೇ ಅಲ್ಲ.

ಆಮೇಲೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ಪರಿವರ್ತಿಸುವ ತಂತ್ರಾಂಶದಲ್ಲಿ ಡಬ್ಬಿ ಮಾತ್ರ ಬದಲಿಸಿದೆ. ಕೆಲವೇ ಸೆಕೆಂಡು, ಗುಣಮಟ್ಟಕ್ಕೆ ಏನೂ ಆಗಲ್ಲ. ಎಂಕೆವಿಯೊಳಗೆ ಎಚ್.264 ಇದ್ದರೆ ಇಷ್ಟೇ ಸಾಕು. ನನ್ನದರಲ್ಲಿ ಇರಲಿಲ್ಲ.

ಕೊನೆಗೆ ಕೈ ಹಿಡಿದಿದ್ದು ಹ್ಯಾಂಡ್‌ಬ್ರೇಕ್, ಒಳಗಿನ ಕೋಡೆಕ್ಕನ್ನೇ ಬದಲಿಸುವ ತಂತ್ರಾಂಶ. ಎಚ್.264 ಆರಿಸಿ, ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 20ಕ್ಕೆ ಇಟ್ಟೆ. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿ ಇದ್ದದ್ದರಿಂದ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಹಾಗಾಗಿ ಚಿತ್ರದ ಅಳತೆಯನ್ನು 4ಕೆಯಿಂದ 1080ಪಿಗೆ ಇಳಿಸಿದೆ. ಊಟ ಮುಗಿಸಿ ಬಂದರೂ ಇನ್ನೂ ಓಡುತ್ತಿತ್ತು. ಮತ್ತೆ ಎನ್‌ಕೋಡ್ ಮಾಡಿದಾಗ ಗುಣಮಟ್ಟ ಸ್ವಲ್ಪ ಹೋಗೇ ಹೋಗುತ್ತದೆ. ಸೀರೆಯ ಜರಿ ಅಂಚು, ಆರತಿಯ ಉರಿ ಎರಡನ್ನೂ ಹತ್ತಿರದಿಂದ ನೋಡಿದೆ, ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಮೂಲ ಫೈಲ್ ಮಾತ್ರ ಅಳಿಸಬೇಡಿ.

ಮನೆಯವರಿಗೆಲ್ಲ ಹಂಚಬೇಕಾದ ವಿಡಿಯೊಗೆ ನನ್ನ ಆಯ್ಕೆ ಇವತ್ತಿಗೂ ಎಂಪಿ4 ಡಬ್ಬಿಯಲ್ಲಿ ಎಚ್.264. ಎಚ್.265ಗಿಂತ ಜಾಗ ಜಾಸ್ತಿ ಬೇಕು, ಬೇಕಾದರೆ ಬೇಕಾಗಲಿ. ಸಮಾರಂಭ ಇದ್ದ ದಿನ ಬೆಳಿಗ್ಗೆಯೇ ಫೋನ್ ಕ್ಯಾಮೆರಾ ಸೆಟ್ಟಿಂಗನ್ನು ಎಚ್.264ಕ್ಕೆ ಬದಲಿಸಿಡುತ್ತೇನೆ. ಅಜ್ಜಿ ಆರತಿಯ ಭಾಗವನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು.