1914ರ ಟೋಸ್ಟರ್‌ನಲ್ಲಿ ಸ್ಟಾರ್ ಸ್ಕ್ರೂ: ನಾನು ಟೋಪಿ ಹಾಕಿಸಿಕೊಂಡಿದ್ದು ಹೀಗೆ

ಹಳೇ ಕರೆಂಟ್ ಸಾಮಾನು ಕೂಡಿಡೋ ಹುಚ್ಚು ಇರೋರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಹತ್ತು ಹನ್ನೆರಡು ವರ್ಷದಿಂದ ಇಸ್ತ್ರಿಪೆಟ್ಟಿಗೆ, ಟೋಸ್ಟರ್, ಮಿಕ್ಸರ್ ಅಂತ ಮನೆ ತುಂಬ ಗುಡ್ಡೆ ಹಾಕಿಕೊಂಡವನು ನಾನು. ಹೊಸಬರು ಕೇಳಿದರೆ ‘ಮೊದಲು ಅಡಿ ನೋಡಿ’ ಅಂತ ಪಾಠ ಹೇಳ್ತಿದ್ದವನೂ ನಾನೇ. ಅಡಿ ನೋಡದೆ ದುಡ್ಡು ಕಳಿಸಿದವನೂ ನಾನೇ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: ‘1914ರ ಟೋಸ್ಟರ್, ಪೂರ್ತಿ ಒರಿಜಿನಲ್, ಈಗಲೂ ಕೆಲಸ ಮಾಡುತ್ತೆ.’ ಬ್ರೆಡ್ ತಾನಾಗೇ ಮೇಲೆ ಹಾರೋ ಟೋಸ್ಟರ್ ಮನೆಗಳಿಗೆ ಬಂದಿದ್ದು 1926ರಲ್ಲಿ. ಇದು ಅದಕ್ಕೂ ಮುಂಚಿನ ಜಾತಿ, ಪಕ್ಕದ ಬಾಗಿಲು ತೆಗೆದು ಬ್ರೆಡ್ ಮಗುಚಬೇಕು. ನನ್ನ ಕಪಾಟಿನಲ್ಲಿ ಆ ಕಾಲದ್ದು ಒಂದೂ ಇರಲಿಲ್ಲ. ಆಸೆ. ಇನ್ನೇನು ಹೇಳಲಿ, ಆಸೆ.

ಅಡಿಯ ಫೋಟೋ ಕೇಳಿದೆ. ‘ಅಡಿಯಲ್ಲಿ ಏನಿದೆ ಸರ್, ತಗಡು ತಾನೇ’ ಅಂದ ಮಾರೋನು. ಬದಲಿಗೆ ಕಾಯಿಲ್ ಕೆಂಪಗೆ ಕಾದಿರೋ ವಿಡಿಯೋ ಕಳಿಸಿದ, ಜೊತೆಗೆ ಹೆಸರು ಫಲಕದ ಫೋಟೋ. ಫಲಕದ ಮೇಲೆ ಪೇಟೆಂಟ್ 1914, 110 ವೋಲ್ಟ್, 550 ವಾಟ್, ಒಂದು ಸೀರಿಯಲ್ ನಂಬರ್. ಪೇಟೆಂಟಿನ ವರ್ಷ ತಯಾರಾದ ವರ್ಷ ಅಲ್ಲ, ಅದೇ ಇಸವಿಯನ್ನ ಕಂಪನಿಗಳು ವರ್ಷಗಟ್ಟಲೆ ಅಚ್ಚು ಹಾಕ್ತಿದ್ದವು, ಇದು ನನಗೆ ಗೊತ್ತು. ಗೊತ್ತಿದ್ದೂ ಕರಗಿಹೋದೆ. ಅಷ್ಟೇ ಅಲ್ಲ, ನನ್ನ ಪಾಂಡಿತ್ಯ ತೋರಿಸೋಕೆ, ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ನೈಕ್ರೋಮ್ ತಂತಿಯ ಬಗ್ಗೆ ಅವನಿಗೇ ಉದ್ದುದ್ದ ಬರೆದೆ: ‘1906ರಲ್ಲಿ ಆಲ್ಬರ್ಟ್ ಮಾರ್ಷ್ ನೈಕ್ರೋಮ್ ತಂತಿಗೆ ಪೇಟೆಂಟ್ ತಗೊಂಡ ಮೇಲೇ ಟೋಸ್ಟರ್‌ಗೆ ಜೀವ ಬಂದಿದ್ದು.’ ‘ನಿಮ್ಮಂಥೋರ ಕೈಗೆ ಹೋದರೆ ನನಗೆ ಸಂತೋಷ ಸರ್’ ಅಂತ ಉತ್ತರ ಬಂತು. ಆ ಒಂದು ಮಾತಿಗೆ ದುಡ್ಡು ಕಳಿಸಿದೆ. ಎಷ್ಟು ಅಂತ ಬರೆಯಲ್ಲ, ಮನೆಯವರೂ ಇದನ್ನ ಓದ್ತಾರೆ.

ಪೆಟ್ಟಿಗೆ ಬಂತು. ಹಗಲು ಬೆಳಕಿಗೆ ಹಿಡಿದಾಗಲೇ ಹೊಟ್ಟೆಯಲ್ಲಿ ಏನೋ ತಳಮಳ. ಆಗಿನ ಸಾಮಾನಿಗೆ ಇರ್ತಿದ್ದದ್ದು ನಿಕ್ಕಲ್ ಲೇಪ, ಅದರ ಹೊಳಪಿನಲ್ಲಿ ಒಂಚೂರು ಹಳದಿ ಇರುತ್ತೆ. ಇದು ನೀಲಿ ನೀಲಿ, ಕ್ರೋಮ್! ಮನೆ ಸಾಮಾನಿಗೆ ಕ್ರೋಮ್ ಬಂದಿದ್ದು 1920ರ ದಶಕದ ಕೊನೆಕೊನೆಗೆ. ಫೋಟೋ ಎಲ್ಲಾ ಯಾಕೆ ಹಳದಿ ಬಲ್ಬಿನ ಕೆಳಗೆ ತೆಗೆದಿದ್ದ ಅಂತ ಆಗ ಹೊಳೀತು.

ತಿರುಗಿಸಿ ಅಡಿ ನೋಡಿದೆ. ನಾಲ್ಕು ಸ್ಕ್ರೂ. ನಾಲ್ಕೂ ಸ್ಟಾರ್ ಸ್ಕ್ರೂ, ತಲೆಯಲ್ಲಿ ಪ್ಲಸ್ ಗುರುತಿನಂಥ ಗೀರು ಇರೋದು.

ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಹೆನ್ರಿ ಫಿಲಿಪ್ಸ್‌ಗೆ ಆ ಸ್ಕ್ರೂಗಳ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ. 1914ರ ಟೋಸ್ಟರ್‌ಗೆ 1936ರ ಸ್ಕ್ರೂ. ಮಗುವಿಗಿಂತ ಮುಂಚೆ ಮೊಮ್ಮಗ. ಅಡಿಯ ಒಂದೇ ಒಂದು ಫೋಟೋ ಹಟ ಹಿಡಿದು ತರಿಸಿಕೊಂಡಿದ್ದರೆ ಮುಗೀತಿತ್ತು. ಒಂದೇ ಒಂದು ಫೋಟೋ.

ಇನ್ನು ಒಳಗಿನ ಕಥೆ, ಇದು ನಗೋ ವಿಷಯ ಅಲ್ಲ. ಪುಣ್ಯಕ್ಕೆ ಪ್ಲಗ್ ಹಾಕೋ ಮುಂಚೆ ತಂತಿಯ ತಡೆ ಅಳೆಯೋ ಮೀಟರ್ ಹಿಡಿದೆ. 110 ವೋಲ್ಟಿಗೆ 550 ವಾಟ್ ಅಂದರೆ ಕಾಯಿಲ್ ಸುಮಾರು 22 ಓಮ್ ತೋರಿಸಬೇಕು. ತೋರಿಸಿದ್ದು 53. ಯಾವುದೋ ಹೊಸ ಹೀಟರಿನ ತಂತಿ ಕಿತ್ತು ಸುತ್ತಿದಾನೆ. ಅದನ್ನ ನಮ್ಮ ಮನೆ ಕರೆಂಟಿನ 230 ವೋಲ್ಟಿಗೆ ಕೊಟ್ಟರೆ ಹತ್ತಿರ ಹತ್ತಿರ 1000 ವಾಟ್ ಎಳೆಯುತ್ತೆ, 550ಕ್ಕೆ ಅಂತ ಮಾಡಿದ ಗೂಡಿನಲ್ಲಿ! ತಂತಿ ಸುತ್ತೋ ಅಭ್ರಕದ ಹಾಳೆಗಳು ಆಗಲೇ ಸುಟ್ಟು ಪದರ ಬಿಟ್ಟಿದ್ದವು. ತಂತಿ ಒಂದು ಕಡೆ ಟೋಸ್ಟರಿನ ಮೈಗೆ ತಾಗಿತ್ತು. ಪ್ಲಗ್ಗಿನ ಪಿನ್ನಿಗೂ ಹೊರಗಿನ ಲೋಹಕ್ಕೂ ಮಧ್ಯೆ ಮೀಟರ್ ಹಿಡಿದರೆ ಸೊನ್ನೆ. ಸೊನ್ನೆ ಅಂದರೆ ಮಧ್ಯೆ ತಡೆಯೇ ಇಲ್ಲ, ಕರೆಂಟ್ ನೇರ ಹೊರಗಿನ ಲೋಹಕ್ಕೇ ಬರುತ್ತೆ. ಪ್ಲಗ್ ಹಾಕಿ ಬಾಗಿಲು ಮುಟ್ಟಿದ್ದರೆ ಇದನ್ನ ಬರೆಯೋಕೆ ನಾನಿರ್ತಿರಲಿಲ್ಲ.

‘ಒರಿಜಿನಲ್ ಬಟ್ಟೆ ವೈರ್’ ಅಂತ ಹೊಗಳಿದ್ದನಲ್ಲ, ಅದನ್ನ ಬರಿಗೈಯಲ್ಲಿ ಚಾಕು ಹಾಕಿ ಸುಲಿದೆ. ಒಳಗಿಂದ ಬೂದು ಬಿಳಿ ನಾರು ಎದ್ದಿತು. ಕಾಯೋ ಸಾಮಾನಿನ ಹಳೇ ವೈರುಗಳಲ್ಲಿ ಶ್ವಾಸಕೋಶ ಹಾಳು ಮಾಡೋ ಆಸ್ಬೆಸ್ಟಾಸ್ ಇರ್ತಿತ್ತು ಅನ್ನೋದು ಮೂಗಿನ ಹತ್ತಿರ ದೂಳು ಎದ್ದ ಮೇಲೆ ನೆನಪಾಯ್ತು. ಇದರಲ್ಲಿ ಮಾತ್ರ ಬೈಗುಳ ನನಗೇ.

ಸರಿ, ಅವನಿಗೆ ಬರೆದೆ. ಅವನ ಉತ್ತರಗಳನ್ನ ಹಾಗೇ ಹಾಕ್ತೀನಿ.

‘ಒಂದು ಸ್ಕ್ರೂ ಬದಲಾದರೆ ಹಳೇದು ಹೊಸದಾಗುತ್ತಾ ಸರ್?’ ಒಂದಲ್ಲಪ್ಪ, ನಾಲ್ಕು ಅಂದೆ. ‘ನಾಲ್ಕೂ ಸೇರಿ ಎಷ್ಟು ತೂಕ ಬಂತು?’

ಮೈಗೆ ಕರೆಂಟ್ ಬರುತ್ತೆ, ಸಾಯೋ ಹಾಗಿದೆ ಅಂದೆ. ‘ಹಳೇದಲ್ವಾ ಸರ್, ಸ್ವಲ್ಪ ಹಾಗಿರುತ್ತೆ. ಶೋಕೇಸಲ್ಲಿಡಿ.’ ಈಗಲೂ ಕೆಲಸ ಮಾಡುತ್ತೆ ಅಂತ ಮಾರಿದ್ದು ಇದೇ ಮನುಷ್ಯ!

ದುಡ್ಡು ವಾಪಸ್ ಕೇಳಿದೆ. ‘ನೀವು ಬಿಚ್ಚಿದೀರಿ. ಬಿಚ್ಚಿದ ಮೇಲೆ ವಾಪಸ್ ಇಲ್ಲ. ಆಂಟಿಕ್‌ಗೆ ಮೀಟರ್ ಹಿಡಿಯೋರನ್ನ ನಿಮ್ಮನ್ನೇ ಮೊದಲು ನೋಡಿದ್ದು.’ ಬಿಚ್ಚದಿದ್ದರೆ ಮೋಸ ಗೊತ್ತಾಗಲ್ಲ, ಬಿಚ್ಚಿದರೆ ದುಡ್ಡು ಬರಲ್ಲ. ಎಂಥಾ ಲೆಕ್ಕ ನೋಡಿ. ಆಮೇಲೆ ನನ್ನನ್ನ ಬ್ಲಾಕ್ ಮಾಡಿದ.

ನಾನು ಹೇಳೋದು ಇಷ್ಟೇ. ಅಡಿ ತೋರಿಸದವನ ಹತ್ತಿರ ತಗೋಬೇಡಿ. ಫೋಟೋ ಬಿಸಿಲಲ್ಲಿ ತೆಗೆಯೋಕೆ ಹೇಳಿ. ಕೈಗೆ ಬಂದಮೇಲೆ ಮೀಟರ್ ಹಿಡಿಯದೆ ಪ್ಲಗ್ ಹಾಕಬೇಡಿ, ಹಳೇ ಬಟ್ಟೆ ವೈರಿಗೆ ಚಾಕು ಹಾಕಬೇಡಿ. ಸಿಹಿ ಮಾತಾಡೋರನ್ನಂತೂ ನಾನಿನ್ನು ಹತ್ತಿರ ಸೇರಿಸಲ್ಲ.

ಇಷ್ಟಕ್ಕೇ ಸುಮ್ಮನಾಗ್ತಿದ್ದೆ. ನಿನ್ನೆ ಗೆಳೆಯನೊಬ್ಬ ಹೊಸ ಜಾಹೀರಾತು ಕಳಿಸಿದ, ‘ಇದು ನಿನಗೆ ಇಷ್ಟ ಆಗಬಹುದು ನೋಡು’ ಅಂತ. ಬೇರೆ ಟೋಸ್ಟರ್, ಅದೇ ಹಳದಿ ಬಲ್ಬು, ಅದೇ ಫಲಕ. ಅದೇ ಅಂದರೆ ಅಂಥದ್ದೇ ಅಲ್ಲ. ನನ್ನ ಮೇಜಿನ ಮೇಲಿರೋ ಫಲಕದ ಸೀರಿಯಲ್ ನಂಬರೇ, ಒಂದಂಕಿ ಹೆಚ್ಚುಕಮ್ಮಿ ಇಲ್ಲ. ಕೆಳಗೆ ವಿವರ ಓದಿದೆ: ‘1906ರಲ್ಲಿ ಆಲ್ಬರ್ಟ್ ಮಾರ್ಷ್ ನೈಕ್ರೋಮ್ ತಂತಿಗೆ ಪೇಟೆಂಟ್ ತಗೊಂಡ ಮೇಲೇ ಟೋಸ್ಟರ್‌ಗೆ ಜೀವ ಬಂದಿದ್ದು.’

ಗೆಳೆಯನ ಫೋನಿಂದ ಅಡಿಯ ಫೋಟೋ ಕೇಳಿದೆ. ‘ಅಡಿಯಲ್ಲಿ ಏನಿದೆ ಸರ್, ತಗಡು ತಾನೇ.’